ಕೈದಿಗಳನ್ನು ಹಿಂಸಿಸಿ ಶಿಕ್ಷೆಗೊಳಗಾದ ಸೈನಿಕರು ಮತ್ತೆ ಕರ್ತವ್ಯಕ್ಕೆ ಮರಳಬಹುದೇ?

ಮರಳಬಾರದು. ಇರಾಕಿನ ಅಬು ಘ್ರೈಬ್ ಸೆರೆಮನೆಯಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸಿದ ಪ್ರಕರಣವನ್ನೇ ನೋಡಿ. ಅಮೆರಿಕದ ಸೈನಿಕ ಚಾರ್ಲ್ಸ್ ಗ್ರೇನರ್‌ಗೆ 2005ರಲ್ಲಿ 10 ವರ್ಷ ಸೆರೆವಾಸದ ಜೊತೆಗೆ ಸೇನೆಯಿಂದ ವಜಾ ಶಿಕ್ಷೆಯೂ ಆಯಿತು. ಆದರೆ ನಾಯಿಯಿಂದ ಕೈದಿಯನ್ನು ಬೆದರಿಸಿದ ಸ್ಯಾಂಟೋಸ್ ಕಾರ್ಡೋನಾಗೆ 2006ರಲ್ಲಿ ಸಿಕ್ಕಿದ್ದು 90 ದಿನಗಳ ಕಠಿಣ ದುಡಿಮೆ, ಹಿಂಬಡ್ತಿ ಮತ್ತು ವೇತನ ಕಡಿತ ಮಾತ್ರ, ವಜಾ ಆಗಲಿಲ್ಲ. ಅದೇ ವರ್ಷ, ಇರಾಕಿ ಪೊಲೀಸರಿಗೆ ತರಬೇತಿ ಕೊಡಲಿದ್ದ ತುಕಡಿಯೊಂದಿಗೆ ಆತ ಹೊರಟೇಬಿಟ್ಟಿದ್ದ! ಸುದ್ದಿ ಬಯಲಾದ ಮೇಲಷ್ಟೇ ಸೇನೆ ಅವನನ್ನು ಕುವೈತಿನಲ್ಲಿ ತಡೆಯಿತು. ಅದೇ ನೆಲದ ಜನ ಆ ತರಬೇತಿಯನ್ನು ಹೇಗೆ ನಂಬಬೇಕಿತ್ತು?

ಶಿಕ್ಷೆ ಮುಗಿಸಿದವನಿಗೆ ದುಡಿದು ಬದುಕುವ ಹಕ್ಕಿದೆ, ಬೇರೆ ಉದ್ಯೋಗ ಸಿಗಲಿ. ಸಮವಸ್ತ್ರ ಮಾತ್ರ ಯಾರ ಹಕ್ಕೂ ಅಲ್ಲ. ಇದೇ ಅಳತೆಗೋಲು ಮೇಲಧಿಕಾರಿಗಳಿಗೂ ಅನ್ವಯಿಸಬೇಕು. ಈ ಪ್ರಕರಣದಲ್ಲಿ ಸೇನಾ ನ್ಯಾಯಾಲಯದ ಮುಂದೆ ನಿಂತ ಒಬ್ಬನೇ ಅಧಿಕಾರಿ 2007ರಲ್ಲಿ ಹಿಂಸೆಯ ಆರೋಪಗಳಿಂದ ಖುಲಾಸೆಯಾದ.