ದೊಡ್ಡೋನ್ನ ಅಜ್ಜಿ ಹತ್ರ ಬಿಟ್ಟು ಫ್ಲೈಟ್ ಹತ್ಲಾ?

ಪ್ರಶ್ನೆ: ಅಕ್ಕ, ನಾನು ಮಂಡ್ಯದೋಳು. ಯಜಮಾನ್ರಿಗೆ ಡೆಲ್ಲೀಲಿ ಕೆಲ್ಸ, ಅವ್ರಿಗೆ ರಜೆ ಸಿಕ್ತಿಲ್ಲ, ದಸರಾ ರಜೇಲಿ ನೀವೇ ಬನ್ನಿ ಅಂತಿದಾರೆ. ಮಗನಿಗೆ 4 ವರ್ಷ, ಮಗಳಿಗೆ 15 ತಿಂಗ್ಳು, ನಾನು ಇದುವರೆಗೂ ಫ್ಲೈಟ್ ಹತ್ತಿಲ್ಲ. ನಮ್ಮತ್ತೆ "ದೊಡ್ಡೋನು ನನ್ ಹತ್ರ ಇರ್ಲಿ, ಎರಡನ್ನೂ ಕಟ್ಕೊಂಡು ಒಬ್ಳೇ ಏನ್ ಮಾಡೀಯ, ಕಿವಿನೋವು ಬಂದು ಅತ್ರೆ ಪ್ಲೇನ್ ನಿಲ್ಸಿ ಅನ್ನಕಾಯ್ತದಾ" ಅಂತಾರೆ. ನಾದಿನಿ ಶೀತದ ಸಿರಪ್ ಕುಡಿಸಿ ಮಲಗಿಸ್ಬಿಡಿ ಅಂತಾಳೆ. ನಂಗೆ ಜನ ಎಲ್ಲಾ ತಿರುಗಿ ನೋಡ್ತಾರಲ್ಲ ಅನ್ನೋದೇ ದೊಡ್ಡ ಭಯ. ಏನ್ ಮಾಡ್ಲಿ?

ಉತ್ತರ: ಇಬ್ರನ್ನೂ ಕರ್ಕೊಂಡು ಹೋಗಿ ಕಣಮ್ಮ. ತಂಗೀನ ಅಪ್ಪನ ಹತ್ರ ಕರ್ಕೊಂಡೋದ್ರು ನನ್ನ ಬಿಟ್ಟೋದ್ರು ಅಂತ ನಾಲ್ಕು ವರ್ಷದ ಹುಡುಗಂಗೆ ಚೆನ್ನಾಗೇ ಅರ್ಥ ಆಗುತ್ತೆ, ಆಮೇಲೆ ವಿಡಿಯೋ ಕಾಲಲ್ಲಿ ಎಷ್ಟು ಮುದ್ದು ಮಾಡಿದ್ರೂ ಅವನು ಮುಖ ತಿರುಗಿಸ್ಕೊಂಡೇ ಕೂರ್ತಾನೆ.

ಮೊದ್ಲು ನಾದಿನಿ ಮಾತು. ಸಿರಪ್ ಬೇಡ, ಬೇಡ್ವೇ ಬೇಡ. ಕೆಲವು ಮಕ್ಕಳು ಅದನ್ನ ಕುಡಿದ್ರೆ ಮಲಗೋದಿರ್ಲಿ ಇನ್ನೂ ರಚ್ಚೆ ಹಿಡೀತಾವೆ, ಡೋಸ್ ಜಾಸ್ತಿ ಆದ್ರಂತೂ ಉಸಿರಾಟಕ್ಕೇ ತೊಂದ್ರೆ. ನಿದ್ದೆ ಬರ್ಸೋಕೆ ಕೊಡೋ ಔಷಧಿ ಅಲ್ಲ ಅದು.

ಕಿವಿನೋವಿನ ವಿಷ್ಯದಲ್ಲಿ ನಿಮ್ಮತ್ತೆ ಹೇಳ್ತಿರೋದು ಸುಳ್ಳೇನಲ್ಲ. ಪ್ಲೇನ್ ಕೆಳಗೆ ಇಳೀತಾ ಬಂದಂಗೆ ಒಳಗಿನ ಗಾಳಿಯ ಒತ್ತಡ ಜಾಸ್ತಿ ಆಗುತ್ತೆ, ಗಂಟಲಿಂದ ಕಿವಿಗೆ ಹೋಗೋ ನಳಿಗೆ ಮಕ್ಕಳಿಗೆ ತುಂಬಾ ಸಣ್ಣದು, ಬೇಗ ತೆರ್ಕೊಳಲ್ಲ, ಅದಕ್ಕೇ ನೋವು. ನುಂಗಿದ್ರೆ ಅದು ತೆರ್ಕೊಳುತ್ತೆ. ಹಂಗಾಗಿ ಇಳಿಯೋಕೆ ಅರ್ಧ ಗಂಟೆ ಇದೆ ಅನ್ನೋವಾಗ್ಲೇ ಪಾಪುನ ಎಬ್ಬಿಸಿ ಹಾಲು ಕುಡಿಸೋಕೆ ಶುರು ಮಾಡಿ, ಎದೆಹಾಲೋ ಬಾಟ್ಲಿನೋ ಯಾವುದಾದ್ರೂ ಸರಿ, ದುಪ್ಪಟ್ಟ ಹೊದ್ಕೊಂಡು ಕುಡಿಸ್ತೀರಿ ಯಾರೇನು ಅನ್ನಲ್ಲ. ಮಗನಿಗೆ ಸ್ಟ್ರಾ ಹಾಕಿ ನೀರು ಕೊಡ್ತಾ ಇರಿ. ಹೊರಡೋ ಹೊತ್ಗೆ ಯಾರಿಗಾದ್ರೂ ಶೀತ ಕಟ್ಟಿದ್ರೆ ಅಥ್ವಾ ಕಿವಿ ಸೋರ್ತಿದ್ರೆ ಡಾಕ್ಟ್ರಿಗೆ ತೋರ್ಸದೆ ಹತ್ಬೇಡಿ.

ಇನ್ನು ಜನ ನೋಡ್ತಾರೆ ಅಂತೀರಲ್ಲ, ನೋಡ್ಲಿ ಬಿಡಿ. ಮಳವಳ್ಳಿ ಬಸ್ಸಲ್ಲಿ ಮಗು ಅತ್ರೆ ಪಕ್ಕದೋರು ಎತ್ಕೊಂಡು ಬಾಳೆಹಣ್ಣು ಕೊಡ್ತಾರೆ, ಫ್ಲೈಟಲ್ಲಿ ಹೆಡ್‌ಫೋನ್ ಹಾಕೊಂಡು ಸುಮ್ಮನಿರ್ತಾರೆ, ಅಷ್ಟೇ ವ್ಯತ್ಯಾಸ. ನನ್ ಕೇಳಿದ್ರೆ ಅಳು ಯಾರಿಗೂ ಅಷ್ಟು ಕೋಪ ತರ್ಸಲ್ಲ, ಹಿಂದಿಂದ ಸೀಟಿಗೆ ಒದೀತಾವಲ್ಲ ಅದು ತರ್ಸುತ್ತೆ. ಮಗನ ಶೂ ಬಿಚ್ಸಿ ಕಿಟಕಿ ಪಕ್ಕ ಕೂರ್ಸಿ.

ಬೆಂಗಳೂರಿಂದ ಡೆಲ್ಲಿಗೆ ಹೆಚ್ಚು ಕಮ್ಮಿ ಮೂರು ಗಂಟೆ ಅಷ್ಟೇ ಕಣ್ರೀ, ನಿಜವಾದ ಕಷ್ಟ ಇರೋದು ಮಂಡ್ಯದಿಂದ ದೇವನಹಳ್ಳಿಗೆ ಹೋಗೋದ್ರಲ್ಲಿ! 2023ರಲ್ಲಿ ಹೈವೇ ಆದ್ಮೇಲೆ ಕೆಂಗೇರಿವರ್ಗೂ ಬೇಗ ಹೋಗ್ಬೋದು, ಅಲ್ಲಿಂದಾಚೆ ಇಡೀ ಬೆಂಗ್ಳೂರು ದಾಟ್ಬೇಕು, ಅಷ್ಟೊತ್ತಿಗೆ ಒಂದು ವಾಂತಿ ಮಾಡ್ಕೊಂಡಿರುತ್ತೆ ಇನ್ನೊಂದು ಚಡ್ಡಿ ಒದ್ದೆ ಮಾಡ್ಕೊಂಡಿರುತ್ತೆ. ಅದಕ್ಕೇ ಟಿಕೆಟ್ ಕಮ್ಮಿ ಅಂತ ಬೆಳಗಿನ ಜಾವದ ಫ್ಲೈಟ್ ತಗೋಬೇಡಿ, ಮಧ್ಯರಾತ್ರಿ ಎಬ್ಬಿಸಿದ ಮಕ್ಕಳು ದಿನವಿಡೀ ಹಠ. ಮಧ್ಯಾಹ್ನದ್ದು ತಗೊಳಿ. ಮೈಸೂರಿಂದ ಏರ್‌ಪೋರ್ಟಿಗೆ ಫ್ಲೈಬಸ್ ಇದೆ ನಿಜ, ಆದ್ರೆ ಬೇಕಾದಲ್ಲಿ ನಿಲ್ಸೋಕೆ ಕಾರೇ ವಾಸಿ.

ಎರಡು ವರ್ಷ ತುಂಬದ ಮಗೂಗೆ ಸೀಟ್ ಬೇಕಿಲ್ಲ, ನಿಮ್ಮ ತೊಡೆ ಮೇಲೇ, ಅದಕ್ಕೆ ಬೇರೆ ಸಣ್ಣ ಬೆಲ್ಟು ಅವ್ರೇ ಕೊಡ್ತಾರೆ. ಮಗನಿಗೆ ಸೀಟ್ ತಗೊಳ್ಲೇಬೇಕು. ಇಬ್ರದ್ದೂ ಬರ್ತ್ ಸರ್ಟಿಫಿಕೇಟೋ ಆಧಾರ್ ಕಾರ್ಡೋ ಕೈಗೆ ಸಿಗೋ ಬ್ಯಾಗಲ್ಲಿರ್ಲಿ. ಮಗೂ ಹಾಲು, ರಾಗಿಸರಿ, ಬಿಸಿನೀರು ಚೆಕಿಂಗಲ್ಲಿ ತೆಗ್ಸಿ ನೋಡ್ಬೋದು, ಮಗೂಗೆ ಅಂತ ಹೇಳಿ, ಒಳಗೆ ಬಿಡ್ತಾರೆ. ಮಗನ ಆಟದ ಗನ್ ಇದ್ರೆ ಮನೇಲೇ ಬಚ್ಚಿಡಿ, ಅದನ್ನ ಒಳಗೆ ಬಿಡಲ್ಲ. ಮಗನಿಗೆ ಅಂತ ಅತ್ತೆ ಒಣಕೊಬ್ಬರಿ ಕಟ್ಟಿಕೊಟ್ರೆ ಅದನ್ನೂ ಬೇಡ ಅನ್ನಿ, ಬೆಂಕಿ ಹತ್ಕೊಳೋ ಸಾಮಾನಿನ ಲೆಕ್ಕದಲ್ಲಿದೆ ಅದು, ಚಕ್ಲಿ ನಿಪ್ಪಟ್ಟು ಕಟ್ಲಿ.

ಅಂದಂಗೆ ನಿಮ್ ಪತ್ರ ಓದ್ತಾ ನಂಗನ್ಸಿದ್ದು ಇನ್ನೊಂದು. ದೊಡ್ಡೋನಿರ್ಲಿ ಅಂತಾರಲ್ಲ ನಿಮ್ಮತ್ತೆ, ಹಬ್ಬದ ಟೈಮಲ್ಲಿ ಮನೆ ಖಾಲಿ ಆಗುತ್ತಲ್ಲ ಅನ್ನೋ ಸಂಕಟಾನೂ ಅದರಲ್ಲಿರ್ಬೋದು. "ಒಬ್ಳೇ ಏನ್ ಮಾಡೀಯ" ಅಂದ್ರಲ್ಲ, ಸರಿ ನೀವೂ ಬನ್ನಿ ಅತ್ತೆ, ಮಗನ ಮನೇನೂ ನೋಡ್ದಂಗಾಗುತ್ತೆ ಅನ್ನಿ ನೋಡಣ. ಒಂದು ಮಗು ಅವರ ಪಕ್ಕ, ಒಂದು ನಿಮ್ಮ ತೊಡೆ ಮೇಲೆ, ಅರ್ಧ ತಲೆಬಿಸಿ ಅಲ್ಲೇ ಮುಗೀತು. ಆದ್ರೆ ಈ ಮಾತು ನೀವು ಎತ್ಬೇಡಿ, ನಿಮ್ಮ ಯಜಮಾನ್ರು ಎತ್ಲಿ. ಬನ್ನಿ ಅಂತ ಕರೆದೋರು ಅವ್ರು, ಅಮ್ಮಂಗೆ ಫೋನ್ ಮಾಡಿ ಒಪ್ಸೋದೂ ಅವ್ರ ಕೆಲ್ಸ. ಅತ್ತೆ ಆಗಲ್ಲ ಅಂದ್ರೂ ನೀವು ಮೂರೂ ಜನ ಹೊರಡಿ, ವಾಪಸ್ ಬರುವಾಗ ಎರಡು ದಿನ ರಜೆ ಹಾಕಿ ಜೊತೇಲಿ ಬನ್ನಿ ಅಂತ ಯಜಮಾನ್ರಿಗೆ ಈಗ್ಲೇ ಹೇಳಿಡಿ.