ಹಸಿದ ಹೊಟ್ಟೆ, ರಾತ್ರಿಯ ಕ್ವಾರ್ಟರ್: ಡೈರಿ ಹಿಡಿದುಕೊಟ್ಟ ಕಾರಣ

ಕುಡಿತ ಬಿಡಲು ನಮ್ಮಲ್ಲಿಗೆ ಸಲಹೆಗೆ ಬಂದವರೊಬ್ಬರು; ವಯಸ್ಸು ನಲವತ್ತರ ಆಸುಪಾಸು. ಊರು ಕುಂದಾಪುರದ ಕಡೆ, ಮನೆ ಮುಂಬೈ ಹತ್ತಿರದ ಡೊಂಬಿವಲಿ, ಕೆಲಸ ದಾದರಿನ ಹೋಟೆಲೊಂದರ ಗಲ್ಲಾದಲ್ಲಿ. (ಗುರುತು ಸಿಗದಂತೆ ವಿವರ ಬದಲಿಸಿದೆ.) ದಿನಾ ರಾತ್ರಿ ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ. ವಿಸ್ಕಿ, ರಜೆಯ ದಿನ ಎರಡು. "ಧಣಿ ಬೈದ ದಿನ ತಡೆದುಕೊಳ್ಳಲಿಕ್ಕೆ ಆಗುವುದಿಲ್ಲ ಮೇಡಂ" ಎನ್ನುವುದು ಅವರು ಕೊಟ್ಟ ಕಾರಣ.

ಬೆಳಿಗ್ಗೆ ಕೈ ನಡುಗುತ್ತಿದ್ದುದರಿಂದ ಮೊದಲು ವೈದ್ಯರಲ್ಲಿಗೆ ಕಳಿಸಿದೆವು. ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ, ಗೊಂದಲ. ಕೆಲವರ ಜೀವಕ್ಕೇ ಅಪಾಯ. ಇದು ಕುಡಿಯುವ ಆಸೆ ಬಂದಾಗಲೆಲ್ಲ ಬರೆದಿಡುವ ಡೈರಿಯಿಂದ ಆಗುವ ಕೆಲಸವಲ್ಲ. ವೈದ್ಯರು ಕೊಟ್ಟ ಔಷಧಿ, ಬಿ1 ವಿಟಮಿನ್ ಶುರುವಾಗಿ ದೇಹ ಹಿಡಿತಕ್ಕೆ ಬಂದ ಮೇಲೆಯೇ ಡೈರಿ.

ಅಂಗಿಯ ಜೇಬಿಗೆ ಹಿಡಿಸುವ ಪುಟ್ಟ ಪುಸ್ತಕ ಸಾಕು. ಕುಡಿಯಬೇಕೆನಿಸಿದ ಗಳಿಗೆಯಲ್ಲೇ ಬರೆಯಬೇಕು: ಗಂಟೆ, ಜಾಗ, ಹಿಂದಿನ ಎರಡು ಗಂಟೆಯಲ್ಲಿ ಏನಾಯಿತು, ಕೊನೆಗೆ ತಿಂದದ್ದು ಯಾವಾಗ, ಆಸೆಗೆ ಹತ್ತರಲ್ಲಿ ಎಷ್ಟು ಅಂಕ, ಮನಸ್ಸಿಗೆ ಬಂದ ಮಾತು ಇದ್ದ ಹಾಗೇ. ಇಪ್ಪತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಅಂಕ.

ಮೊದಲ ವಾರ ಎಲ್ಲವನ್ನೂ ಮನೆಗೆ ಹೋಗಿ ಬರೆದರು. ಪುಟದ ತುಂಬ ಒಂದೇ ಮಾತು: "ಟೆನ್ಶನ್. ಧಣಿ ಬೈದರು." ಇದು ನಡೆದದ್ದರ ದಾಖಲೆಯಲ್ಲ, ಮೊದಲೇ ಬರೆದಿಟ್ಟ ತೀರ್ಪು. ಹಾಗಾಗಿ 'ಟೆನ್ಶನ್' ಎಂದು ಬರೆಯುವುದನ್ನೇ ಬಿಡಿಸಿದೆವು. ಹೆಂಡತಿ ಓದುತ್ತಾರೆಂಬ ಅಂಜಿಕೆಯೂ ಇತ್ತು. ಕರೆಯದೆ ಡೈರಿ ಮುಟ್ಟುವುದಿಲ್ಲವೆಂದು ಆಕೆ ಒಪ್ಪಿದ ಮೇಲೆ ಬರಹ ಬದಲಾಯಿತು:

"ರಾತ್ರಿ 10.20. ಗಲ್ಲಾ. ಲೆಕ್ಕಕ್ಕೆ 340 ಕಡಿಮೆ. ಕೊನೆಗೆ ತಿಂದದ್ದು 2ಕ್ಕೆ ಊಟ. ಹೊಟ್ಟೆ ಎಳೆಯುತ್ತಿದೆ. 7. ಒಂದೇ ಕ್ವಾರ್ಟರ್, ನಾಳೆಯಿಂದ ನೋಡುವ."

ಎರಡು ವಾರದ ಪುಟಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ, ಧಣಿ ಬೈದ ದಿನಗಳಲ್ಲೂ ಎಷ್ಟೋ ಸಲ ಅಂಕ ಮೂರು ದಾಟಿರಲಿಲ್ಲ. ಆರು ದಾಟಿದ್ದೆಲ್ಲ ಮಧ್ಯಾಹ್ನದ ಊಟದ ಮೇಲೆ ಬರೀ ಚಹಾದಲ್ಲಿ ರಾತ್ರಿ ಮಾಡಿದ ದಿನಗಳು. ಊರಿಗೆಲ್ಲ ಊಟ ಬಡಿಸುವ ಜಾಗದಲ್ಲಿ ಎಂಟು ಗಂಟೆ ಉಪವಾಸ! ಹಸಿವು, ದಣಿವು ಕುಡಿತದ ಆಸೆಯನ್ನು ಕೆರಳಿಸುವುದು ಸಾಮಾನ್ಯ, ಆದರೆ ಅದು ಕೋಪದ ವೇಷದಲ್ಲಿ ಬರುವುದರಿಂದ ಗೊತ್ತಾಗುವುದಿಲ್ಲ. ಸಂಜೆ ಆರಕ್ಕೆ ಇಡ್ಲಿಯೋ ಉಪ್ಪಿಟ್ಟೋ ಕಡ್ಡಾಯ ಎಂದೆವು. ಸ್ಟೇಷನ್ನಿನಲ್ಲಿ ವೈನ್ ಶಾಪ್ ಎದುರಿಗೆ ಇಳಿಸುವ ಮೆಟ್ಟಿಲು ಬಿಟ್ಟು ಇನ್ನೊಂದು ಕಡೆಯಿಂದ ಹೊರಡಲು ಹೇಳಿದೆವು.

ಅಂಕ ಎಂಟಕ್ಕೆ ಏರಿದರೆ ಬರೆಯುತ್ತ ಕೂರಬಾರದು. ಮೊದಲು ಆ ಜಾಗ ಬಿಡಬೇಕು, ನೀರು ಕುಡಿಯಬೇಕು, ಭಾವನಿಗೆ ಫೋನ್ ಮಾಡಬೇಕು, ಬರಹ ಆಮೇಲೆ. ಬ್ರ್ಯಾಂಡು, ರುಚಿ, ಐಸ್ ಇವುಗಳ ವರ್ಣನೆ ಬೇಡವೇ ಬೇಡ, ಅದು ಆಸೆಯನ್ನು ಇನ್ನಷ್ಟು ಹೊತ್ತಿಸುತ್ತದೆ. ಕುಡಿಯದೆ ಕಾದರೆ ಆಸೆ ಸಾಮಾನ್ಯವಾಗಿ 15ರಿಂದ 30 ನಿಮಿಷದಲ್ಲಿ ಇಳಿಯುತ್ತದೆ. ನಾವು ಬಾಯಲ್ಲಿ ಹೇಳಿದರೆ ಅವರು ನಂಬಲಿಲ್ಲ. ತಮ್ಮದೇ ಅಕ್ಷರದಲ್ಲಿ 7ರ ಪಕ್ಕ 3 ಕಂಡಾಗ ನಂಬಿದರು.

ಮುಂದೆ ಊರಿನ ಮದುವೆಯಲ್ಲಿ ಕುಡಿದರು. ನಾಚಿಕೆಯಿಂದ ವಾರವಿಡೀ ಡೈರಿ ಖಾಲಿ. ಕುಡಿದದ್ದಕ್ಕಿಂತ ಈ ಖಾಲಿ ಪುಟಗಳೇ ನಮಗೆ ಹೆಚ್ಚು ಆತಂಕ ತಂದವು. ಕುಡಿದ ಮರುದಿನ ಬೆಳಿಗ್ಗೆ ಎಷ್ಟು ಮಿ.ಲೀ. ಎಂದು ಬರೆಯಬೇಕು, ತನ್ನನ್ನು ಬೈದುಕೊಳ್ಳದೆ. ಹಿಂದಿನ ಪುಟ ತಿರುವಿದಾಗ ಸಿಕ್ಕಿದ್ದು: ಮತ್ಸ್ಯಗಂಧ ರೈಲು ಹತ್ತಿದ ದಿನವೇ "ಅಲ್ಲಿ ಯಾರು ನೋಡುತ್ತಾರೆ" ಎಂದು ಬರೆದಿದ್ದರು. ಅಂಕ ಬರೀ 2, ಆದ್ದರಿಂದ ಕಡೆಗಣಿಸಿದ್ದರು. ತನಗೆ ತಾನೇ ಪರವಾನಗಿ ಕೊಡುವ ಇಂಥ ಮಾತು ಬಂದರೆ ಅಂಕ ಎಷ್ಟೇ ಇರಲಿ, ಅದನ್ನು ಎಂಟೆಂದೇ ಎಣಿಸಬೇಕು.

ಈಗ ಅಂಥ ಸಾಲುಗಳಿಗೆ ಕೆಂಪು ಗೆರೆ ಎಳೆದು, ಅದೇ ದಿನ ಭಾವನಿಗೆ ಓದಿ ಹೇಳುತ್ತಾರೆ. ಸಮಾರಂಭಗಳಿಗೆ ಹೊಟ್ಟೆ ತುಂಬಿಸಿಕೊಂಡು ಹೋಗಿ, ಊಟ ಮುಗಿದ ಕೂಡಲೇ ಹೊರಡುವುದೆಂದು ಒಪ್ಪಿದ್ದಾರೆ. ಭಾವ ಸಿಗದಿದ್ದರೆ ಕರೆ ಮಾಡಲು ಡೈರಿಯ ಒಳರಟ್ಟಿನ ಮೇಲೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಬರೆಸಿದ್ದೇವೆ.