ಪ್ರತಿಕ್ರಿಯೆ: ಹೆಪಟೈಟಿಸ್ ಸಿ ವಾಸಿಯಾದ ಮೇಲೆ ಏರಿದ ಕೊಲೆಸ್ಟ್ರಾಲ್

ಡೊಂಬಿವಲಿಯಲ್ಲಿರುವ ನಿಮ್ಮ ತಂದೆಯವರಿಗೆ 12 ವಾರಗಳ ಮಾತ್ರೆಯಿಂದ ಹೆಪಟೈಟಿಸ್ ಸಿ ವಾಸಿಯಾದ ಮೇಲೆ ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) 78ರಿಂದ 126ಕ್ಕೆ ಏರಿದ್ದು ಔಷಧದ ದೋಷವೇ ಎಂದು ಕೇಳಿದ್ದೀರಿ. ಹಾಗೆ ಭಾವಿಸಬೇಡಿ. ಹೆಪಟೈಟಿಸ್ ಸಿ ತರುವ ವೈರಸ್ ಯಕೃತ್ತಿನ ಕೊಬ್ಬನ್ನೇ ಬಳಸಿಕೊಂಡು, ಕೊಬ್ಬನ್ನು ರಕ್ತಕ್ಕೆ ಸಾಗಿಸುವ ಕಣಗಳ ಜೊತೆಗೇ ಹೊರಬರುವುದರಿಂದ ಸೋಂಕಿರುವಷ್ಟು ಕಾಲ ಎಲ್‌ಡಿಎಲ್ ತಗ್ಗಿರುತ್ತದೆ. ವೈರಸ್ ಹೋದ ಮೇಲೆ ಅವರ ನಿಜವಾದ ಮಟ್ಟ ಕಾಣಿಸಿಕೊಳ್ಳುತ್ತದೆ. ಆ ಹಳೆಯ 78ನ್ನು ನಂಬಿ ಹೃದಯದ ಬಗ್ಗೆ ನಿಶ್ಚಿಂತರಾಗಿದ್ದರೆ, ದಯವಿಟ್ಟು ಈಗ ಎಚ್ಚರವಹಿಸಿ.

ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಜೀನೋಟೈಪ್ 3 (ಈ ವೈರಸ್ಸಿನ ಒಂದು ಬಗೆ) ತಾನೇ ಯಕೃತ್ತಿನಲ್ಲಿ ಕೊಬ್ಬು ತುಂಬಿಸುತ್ತದೆ. ಆ ಕೊಬ್ಬು ಚಿಕಿತ್ಸೆಯ ನಂತರ ಕರಗಬಹುದು, ಬೊಜ್ಜಿನಿಂದ ಬಂದದ್ದು ಈ ಚಿಕಿತ್ಸೆಯಿಂದ ಕರಗುವುದಿಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಟೇಪು ಸುತ್ತಿ, ಅವರು ಉಸಿರು ಬಿಟ್ಟಾಗ ಅಳೆಯಿರಿ, 90 ಸೆಂ.ಮೀ. ದಾಟಿದ್ದರೆ ಸ್ಟೇಷನ್ನಿನ ಸಂಜೆಯ ವಡಾಪಾವ್ ನಿಲ್ಲಿಸಿ, ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬೇಕೇ ಎಂದು ವೈದ್ಯರನ್ನು ಕೇಳಿ.